ಯುಫು ಬೆಟ್ಟದಲ್ಲಿ ಹುಟ್ಟಿದ ಮಂಡಿನೋವು

ಪರ್ತ್‌ನ ವಿಲೆಟನ್ ಕಡೆಯ ಕನ್ನಡಿಗರಲ್ಲಿ ಯಾರಾದರೂ ಹೊಸದಾಗಿ ವಾಕಿಂಗ್ ಬೂಟು ಕೊಳ್ಳಬೇಕೆಂದರೆ ಮೊದಲು ಅನಂತಪದ್ಮನಾಭನನ್ನು ಕೇಳುತ್ತಾರೆ. ಕೇಳದೆ ಕೊಂಡರೂ ಅವನು ಬಿಡುವುದಿಲ್ಲ. ಬಗ್ಗಿ, ಹೆಬ್ಬೆರಳಿನ ಜಾಗ ಒತ್ತಿ ನೋಡಿ, "ಒಂದು ಸೈಜ್ ದೊಡ್ಡದು ತಗೋಬೇಕಿತ್ತು ಕಣ್ರೀ, ಇಳಿಯೋವಾಗ ಗೊತ್ತಾಗತ್ತೆ" ಎಂದು ಹೇಳಿಯೇ ತೀರುತ್ತಾನೆ. ಮೈಸೂರಿನ ಸರಸ್ವತಿಪುರಂನಲ್ಲಿ ಬೆಳೆದವನು, ಗಣಿ ಕಂಪನಿಗಳಿಗೆ ಕನ್ವೇಯರ್ ಬೆಲ್ಟು ವಿನ್ಯಾಸ ಮಾಡುವ ಎಂಜಿನಿಯರ್. ಹುಡುಗನಾಗಿದ್ದಾಗ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಎಲ್ಲೂ ನಿಲ್ಲದೆ ಹತ್ತುತ್ತಿದ್ದೆ ಎಂಬುದು ಅವನ ಮಾತಿನಲ್ಲಿ ಹೇಗಾದರೂ ನುಸುಳುತ್ತದೆ. ಶನಿವಾರ ಬೆಳಿಗ್ಗೆ ಕ್ಯಾನಿಂಗ್ ನದಿಯ ದಂಡೆಗುಂಟ ಕನ್ನಡ ಸಂಘದವರನ್ನು ನಡೆಸಿಕೊಂಡು ಹೋಗುವವನು ಅವನೇ. ಅರವತ್ತರ ಹತ್ತಿರ ಬಂದ ಈ ಮನುಷ್ಯನನ್ನು ಎಲ್ಲರೂ ಲೀಡರ್ ಅಂಕಲ್ ಎನ್ನುತ್ತಾರೆ, ಅವನಿಗೂ ಅದು ಇಷ್ಟ.

ಮನುಷ್ಯ ಕೆಟ್ಟವನಲ್ಲ. ಯಾರು ಮನೆ ಬದಲಾಯಿಸಿದರೂ ಕಾರಿಗೆ ಟ್ರೇಲರ್ ತಗಲಿಸಿಕೊಂಡು ಬಂದು ನಿಲ್ಲುತ್ತಾನೆ. ಆದರೆ ಅವನಿಗೊಂದು ಚಾಳಿಯಿತ್ತು. ಅದು ನಮ್ಮವರಲ್ಲಿ ಎಷ್ಟು ಮಾಮೂಲು ಎಂದರೆ, ಅದನ್ನು ಚಾಳಿ ಎಂದು ಯಾರೂ ಕರೆಯುವುದೇ ಇಲ್ಲ. ತನಗೆ ಆಗದ್ದನ್ನೆಲ್ಲ ಅವನು ಹೆಂಡತಿಯ ಮೈಮೇಲೆ ಹಾಕುತ್ತಿದ್ದ. ಪಾರ್ಟಿಯಲ್ಲಿ ಬೇಜಾರಾಗಿ ಎದ್ದು ಹೊರಡಬೇಕೆನಿಸಿದರೆ, "ಇವಳಿಗೆ ಸ್ವಲ್ಪ ತಲೆನೋವು." ಯಾರದೋ ಮನೆಯ ಅಡುಗೆ ಸೇರದಿದ್ದರೆ, "ಇವಳದು ಇವತ್ತು ಒಪ್ಪತ್ತು, ನಾನೊಬ್ಬನೇ ಹೇಗೆ ತಿನ್ಲಿ?" ದೂರ ಡ್ರೈವ್ ಮಾಡಲು ಅಳುಕಾದರೆ, "ಇವಳಿಗೆ ಕಾರಲ್ಲಿ ವಾಂತಿ ಬರತ್ತೆ." ಸುಭದ್ರಾ ಪಕ್ಕದಲ್ಲಿ ನಿಂತು ಹಣೆ ಒತ್ತಿಕೊಳ್ಳುತ್ತಿದ್ದಳು, ಇಲ್ಲವೇ ಒಪ್ಪತ್ತಿನ ಮುಖ ಮಾಡುತ್ತಿದ್ದಳು. ಮದುವೆಯಾದಾಗಿನಿಂದ ಹೀಗೇ ನಡೆದಿತ್ತು. ಎದುರಿಗಿದ್ದ ಗಂಡಸರೂ ನಂಬಿದವರಂತೆ ತಲೆಯಾಡಿಸುತ್ತಿದ್ದರು, ಏಕೆಂದರೆ ಅವರ ಹೆಂಡತಿಯರಿಗೂ ಬೇಕೆಂದಾಗ ತಲೆನೋವು ಬರುತ್ತಿತ್ತು.

ನಿಜ ಹೇಳಬೇಕೆಂದರೆ ಸುಭದ್ರಾ ಗಟ್ಟಿಮುಟ್ಟಾದ ಹೆಂಗಸು. ಅವಳಿಗೆ ಚೈಲ್ಡ್‌ಕೇರ್‌ನಲ್ಲಿ ಕೆಲಸ. ದಿನವಿಡೀ ನೆಲದ ಮೇಲೆ ಕೂರುವುದು, ಏಳುವುದು, ಅಳುವ ಮಗುವನ್ನು ಸೊಂಟಕ್ಕೇರಿಸಿಕೊಂಡು ಓಡಾಡುವುದು. ಕೆಲಸಕ್ಕೂ ನಡೆದೇ ಹೋಗುತ್ತಾಳೆ. ಶನಿವಾರದ ವಾಕಿಂಗ್‌ನಲ್ಲಿ ಮಾತ್ರ ಗಂಡನಿಗಿಂತ ಎರಡು ಹೆಜ್ಜೆ ಹಿಂದೆ ಇರುತ್ತಿದ್ದಳು. ಅದು ಅವಳ ಕಾಲಿಗೆ ಆಗದೆ ಅಲ್ಲ ಎಂಬುದು ಅನಂತಪದ್ಮನಾಭನಿಗೆ ಯುಫು ಬೆಟ್ಟದ ಮೇಲೆ ಗೊತ್ತಾಯಿತು.

ಜಪಾನಿಗೆ ಹೋಗೋಣ ಎಂದವನು ಅವನೇ. ಹೋದ ವರ್ಷ ಅಕ್ಟೋಬರ್ ಕೊನೆಗೆ ಗಂಡ ಹೆಂಡತಿ ಇಬ್ಬರೇ ಹೊರಟರು. ಟೋಕಿಯೋ ಎಲ್ಲರೂ ನೋಡುತ್ತಾರೆ, ಫುಜಿಯನ್ನೂ ಎಲ್ಲರೂ ಹತ್ತುತ್ತಾರೆ; ಲೀಡರ್ ಅಂಕಲ್ ಆದಮೇಲೆ ಬೇರೆ ಏನಾದರೂ ಬೇಡವೇ? ಹುಡುಕಿ ಹುಡುಕಿ ಅವನು ಹಿಡಿದದ್ದು ದಕ್ಷಿಣದ ಕ್ಯೂಶು ದ್ವೀಪದ ಯುಫುದಾಕೆ. ದಾಕೆ ಎಂದರೆ ಅವರ ಭಾಷೆಯಲ್ಲಿ ಬೆಟ್ಟ. ಹಳೆಯ ಜ್ವಾಲಾಮುಖಿ, ತುದಿ ಎರಡಾಗಿ ಸೀಳಿಕೊಂಡು ನಿಂತಿದೆ. ಪೂರ್ವದ ಶಿಖರಕ್ಕೆ ಮೊಣಕಾಲಿಗೆ ಕೈ ಊರಿ ಏದುಸಿರು ಬಿಟ್ಟರೆ ಯಾರು ಬೇಕಾದರೂ ಹೋಗಬಹುದು. ಪಶ್ಚಿಮದ ಶಿಖರ ಅದಕ್ಕಿಂತ ಒಂದಾಳಿನಷ್ಟೇ ಎತ್ತರ, ಆದರೆ ಅಲ್ಲಿಗೆ ಬಂಡೆಗೆ ಬಿಗಿದ ಸರಪಳಿ ಹಿಡಿದು ಹೋಗಬೇಕು. ಕೆಳಗೆ ಕಣಿವೆಯಲ್ಲಿ ಯುಫುಇನ್ ಎಂಬ ಪುಟ್ಟ ಊರು, ಮನೆಮನೆಯಲ್ಲೂ ಬಿಸಿನೀರಿನ ಬುಗ್ಗೆ.

ಬೆಳಿಗ್ಗೆ ಬಸ್ಸು ಇಳಿದರೆ ಬೆಟ್ಟದ ಬುಡದಲ್ಲಿ ಬಟಾಬಯಲು ಹುಲ್ಲುಗಾವಲು. ಅದನ್ನು ದಾಟಿ ಕಾಡು, ಕಾಡು ಮುಗಿದ ಮೇಲೆ ಬೋಳು ಇಳಿಜಾರಿನಲ್ಲಿ ಅಡ್ಡಡ್ಡ ತಿರುಗುತ್ತ ಏರುವ ದಾರಿ. ಎದುರು ಸಿಕ್ಕವರೆಲ್ಲ ಬಗ್ಗಿ "ಕೊನ್ನಿಚಿವಾ" ಎನ್ನುತ್ತಿದ್ದರು. ಅನಂತಪದ್ಮನಾಭ ಇನ್ನೂ ಬಗ್ಗಿ ಉತ್ತರ ಕೊಡುತ್ತಿದ್ದ. ದಾರಿಯುದ್ದಕ್ಕೂ ಸುಭದ್ರಾಳಿಗೆ ಉಸಿರಾಟದ ಪಾಠ. ಅವಳು ಹೂಂಗುಡುತ್ತ ಬರುತ್ತಿದ್ದಳು. ಎರಡು ಶಿಖರಗಳ ನಡುವಿನ ತಗ್ಗನ್ನು ಮತಾಎ ಎನ್ನುತ್ತಾರೆ. ಅಲ್ಲಿ ನಿಂತು ಅವನು ಎಡಕ್ಕೆ ಕೈ ತೋರಿಸಿದ. "ಮೊದಲು ಪಶ್ಚಿಮ. ಕಷ್ಟದ್ದು ಮೊದ್ಲು ಮುಗಿಸ್ಬೇಕು."

ಸರಪಳಿಯ ಮೊದಲ ತುಂಡನ್ನು ಅವನು ದಾಟಿದ. ಎರಡನೆಯದು ಬಂಡೆಯ ಮುಖಕ್ಕೆ ಅಡ್ಡವಾಗಿ ಹೋಗುತ್ತಿತ್ತು. ಸುಭದ್ರಾ ಅಷ್ಟರಲ್ಲಿ ಅದನ್ನು ದಾಟಿ ಆಚೆ ನಿಂತಿದ್ದಳು, ಯಾವಾಗ ಮುಂದೆ ಹೋದಳೋ ಅವನಿಗೆ ಗೊತ್ತಾಗಲಿಲ್ಲ. ಅವನು ಬಲಗಾಲು ಚಾಚಿದ. ಕಾಲಿಗೆ ಏನೂ ಸಿಗಲಿಲ್ಲ. ಕೆಳಗೆ ನೋಡಬಾರದು ಎಂದು ಊರಿಗೆಲ್ಲ ಪಾಠ ಹೇಳಿದವನು ಕೆಳಗೆ ನೋಡಿದ. ಬೂಟಿನ ತುದಿಯ ಪಕ್ಕದಲ್ಲಿ, ಬಹಳ ಕೆಳಗೆ, ಯುಫುಇನ್‌ನ ರೈಲು ಹೋಗುತ್ತಿತ್ತು. ಅಲ್ಲಿಂದ ಮುಂದೆ ಅವನ ಕೈಕಾಲು ಅವನ ಮಾತು ಕೇಳಲಿಲ್ಲ. ಸರಪಳಿಯನ್ನು ಎದೆಗವುಚಿಕೊಂಡು, ಕೆನ್ನೆಯನ್ನು ಬಂಡೆಗೆ ಒತ್ತಿ ನಿಂತುಬಿಟ್ಟ. ಹಿಂದೆ ಜಪಾನೀಯರ ಸಾಲು ಬೆಳೆಯಿತು. ಯಾರೂ ಒಂದು ಮಾತು ಆಡಲಿಲ್ಲ, ಅವಸರ ಮಾಡಲಿಲ್ಲ. ಅವರ ಆ ತಾಳ್ಮೆಯೇ ಅವನಿಗೆ ಬೆನ್ನ ಮೇಲೆ ಬೆಂಕಿಯಾಯಿತು.

"ರೀ, ಎಡಗಡೆ ಒಂದು ಮೆಟ್ಟಿಲಿನ ಥರ ಇದೆ. ಅಲ್ಲಿ ಇಡಿ," ಎಂದಳು ಸುಭದ್ರಾ. ಅವಳ ಹಿಂದೆ ಶಿಖರದ ತುದಿಗೆ ನೆಟ್ಟ ಹೆಸರಿನ ಕಂಬ ಕಾಣುತ್ತಿತ್ತು.

"ಬಾ, ಇಳಿಯೋಣ," ಎಂದ ಅವನು. ದನಿ ಅವನದೇ ಎಂದು ಅವನಿಗೇ ಅನಿಸಲಿಲ್ಲ. "ಸುಭದ್ರಾ, ಬಂದ್ಬಿಡು. ನನ್ ಕೈಲಾಗಲ್ಲ."

ಅವಳು ಒಮ್ಮೆ ತಿರುಗಿ ಕಂಬವನ್ನು ನೋಡಿದಳು. ಆಮೇಲೆ ಅದೇ ಸರಪಳಿ ಹಿಡಿದು ವಾಪಸ್ಸು ಬಂದು, ಅವನ ಪಾದವನ್ನು ಕೈಯಲ್ಲಿ ಹಿಡಿದು ಒಂದೊಂದಾಗಿ ಕಲ್ಲಿನ ಮೇಲೆ ಇಟ್ಟು ಇಳಿಸಿಕೊಂಡಳು. ಚೈಲ್ಡ್‌ಕೇರ್‌ನ ಮಕ್ಕಳಿಗೆ ಬೂಟು ಹಾಕುವ ಹಾಗೆ. ಸಾಲಿನವರು ಪಕ್ಕಕ್ಕೆ ಸರಿದು, ಅವನು ದಾಟುವಾಗ ಬಗ್ಗಿ ನಮಸ್ಕರಿಸಿದರು. ಅವನಿಗೆ ತಲೆಯೆತ್ತಲು ಆಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಭಯ ಯಾರಿಗಿಲ್ಲ? ಪೂರ್ವದ ಶಿಖರಕ್ಕೆ ಹೋಗಿ ಫೋಟೋ ತೆಗೆದುಕೊಂಡು ಇಳಿದರು. ಸಂಜೆ ವಸತಿಯಲ್ಲಿ ಚಾಪೆಯ ಮೇಲೆ ಕೂತು ಸುಭದ್ರಾ ಕಿತ್ತಳೆ ಸುಲಿಯುತ್ತಿದ್ದಾಗ ಮಗಳು ಸೌಜನ್ಯಳ ಫೋನ್ ಬಂತು. ಅವಳಿರುವುದು ಅಡಿಲೇಡ್‌ನಲ್ಲಿ, ಪ್ರಾಸ್ಪೆಕ್ಟ್ ಕಡೆ.

"ಅಪ್ಪಾ, ಎರಡೂ ಪೀಕ್ ಡನ್?"

ಅವನು ಬಾಯಿ ತೆರೆದ. ಹೇಳಬೇಕೆಂದಿದ್ದದ್ದು ಬೇರೆ ಇತ್ತೋ ಏನೋ. ಬಂದದ್ದು ಮಾತ್ರ ಜೀವಮಾನದ ಅಭ್ಯಾಸ. "ಒಂದು ಆಯ್ತು ಪುಟ್ಟಾ. ಇನ್ನೊಂದಕ್ಕೆ ಅರ್ಧ ಹೋಗಿದ್ವಿ, ಅಮ್ಮಂಗೆ ಮಂಡಿ ಹಿಡ್ಕೊಂಡ್ಬಿಡ್ತು. ಅವಳನ್ನ ಬಿಟ್ಟು ಹೋಗೋಕಾಗತ್ತಾ? ಇಳಿದ್ಬಿಟ್ವಿ."

ಸುಭದ್ರಾಳ ಬೆರಳು ಕಿತ್ತಳೆಯ ಮೇಲೆ ನಿಂತಿತು. ಅನಂತಪದ್ಮನಾಭ ಗೋಡೆಯ ಕಡೆ ನೋಡಿದ. ಅವಳು ಒಂದು ತೊಳೆ ಬಿಡಿಸಿ ಬಾಯಿಗಿಟ್ಟುಕೊಂಡಳು. ಮಗಳು "ಅಮ್ಮಾ, ಆರ್ ಯೂ ಓಕೆ?" ಎಂದು ಕೂಗಿದಾಗ "ಹೂಂ" ಎಂದಳು.

ಸೌಜನ್ಯ ಬ್ರಿಸ್ಬೇನ್‌ನಲ್ಲಿರುವ ಸೋದರಮಾವ ಉತ್ತಮ್‌ಗೆ ಹೇಳಿದಳು. ಅವನಿಗೆ ಅಕ್ಕ ಎಂದರೆ ಪ್ರಾಣ. ಇವರು ಪರ್ತ್ ತಲುಪುವ ಹೊತ್ತಿಗೆ ಬ್ರಿಸ್ಬೇನ್‌ನಿಂದ ಮಂಡಿಗೆ ಹಾಕುವ ಪಟ್ಟಿ ಕೊರಿಯರ್‌ನಲ್ಲಿ ಬಾಗಿಲಿಗೆ ಬಂದು ಬಿದ್ದಿತ್ತು. ಸಂಘಕ್ಕೂ ಸುದ್ದಿ ಹೋಯಿತು. ಬೆಂಗಳೂರಿನಿಂದ ತಂದ ನೋವಿನೆಣ್ಣೆಯ ಸೀಸೆಗಳು ಮನೆಗೆ ಬಂದವು. ಇಂಡಿಯನ್ ಅಂಗಡಿಯಲ್ಲಿ ಯಾರೋ ಸುಭದ್ರಾಳ ಕೈಯಿಂದ ಅಕ್ಕಿ ಚೀಲ ಕಸಿದುಕೊಂಡು ಕಾರಿಗಿಟ್ಟರು. ಕೋಲಾಟದ ತಂಡದಲ್ಲಿ ಅವಳ ಜಾಗಕ್ಕೆ ಬೇರೊಬ್ಬಳನ್ನು ಹಾಕಿ, ಅವಳಿಗೆ ಪ್ರಸಾದ ಹಂಚುವ ಮೇಜಿನ ಹಿಂದೆ ಕುರ್ಚಿ ಕೊಟ್ಟರು. ಎಲ್ಲರೂ ಪ್ರೀತಿಯಿಂದಲೇ ಮಾಡಿದರು. ತಲೆನೋವಾದರೆ ಮರುದಿನಕ್ಕೆ ಹೋಗುತ್ತದೆ. ಈ ಮಂಡಿನೋವು ಹೋಗುವ ಲಕ್ಷಣವೇ ಕಾಣಲಿಲ್ಲ.

ಕ್ರಿಸ್‌ಮಸ್ ರಜೆಗೆ ಬಂದ ಸೌಜನ್ಯ ತಾಯಿಯನ್ನು ಬಿಡದೆ ಪರ್ತ್‌ನ ಇನ್ನೊಂದು ತುದಿಯ ಜೂಂಡಲಪ್‌ಗೆ ಕರೆದುಕೊಂಡು ಹೋದಳು. ಅವಳ ಗೆಳತಿ ಕೃತಿ ಅಲ್ಲಿ ಫಿಸಿಯೋಥೆರಪಿಸ್ಟ್. ಕಾರು ಓಡಿಸಲು ಅನಂತಪದ್ಮನಾಭನೂ ಹೋದ. ಕೃತಿ ಸುಭದ್ರಾಳ ಮಂಡಿಯನ್ನು ಮಡಿಸಿದಳು, ನೆಟ್ಟಗೆ ಮಾಡಿದಳು, ಆಚೀಚೆ ತಿರುಗಿಸಿದಳು. ಒಂಟಿ ಕಾಲಲ್ಲಿ ಕೂತು ಏಳಲು ಹೇಳಿದಳು. ಸುಭದ್ರಾ ಸಲೀಸಾಗಿ ಎದ್ದಳು.

"ಆಂಟಿ, ಈ ಮಂಡಿ ನನ್ ಮಂಡಿಗಿಂತ ಚೆನ್ನಾಗಿದೆ," ಎಂದಳು ಕೃತಿ ತಲೆ ಕೆರೆದುಕೊಂಡು. "ಎಲ್ಲಿ ನೋವು? ಯಾವಾಗ ಬರತ್ತೆ?"

ಸುಭದ್ರಾ ಮೂಲೆಯ ಕುರ್ಚಿಯಲ್ಲಿದ್ದ ಗಂಡನ ಕಡೆ ತಿರುಗಿದಳು. "ಇವರನ್ನ ಕೇಳಮ್ಮ. ಇವರಿಗೆ ಚೆನ್ನಾಗ್ ಗೊತ್ತು."

ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಅಂಗಡಿಯಲ್ಲಿ ದಾರಿ ಕೇಳಿದವರಿಗೆ ಹೇಳುವ ದನಿ. ಮಗಳೂ ಕೃತಿಯೂ ಅವನನ್ನೇ ನೋಡುತ್ತಿದ್ದರು. ಆಗಲಾದರೂ ಹೇಳಬಹುದಿತ್ತು. ಅವನು, ನೋವು ಬೆಟ್ಟ ಇಳಿಯುವಾಗ ಬರುತ್ತದೆ, ಒಳಗಡೆಯ ಮೂಳೆಯ ಹತ್ತಿರ, ಚುಚ್ಚಿದ ಹಾಗೆ, ಎಂದು ವಿವರಿಸಿದ. ತನ್ನ ಮಾತು ತನ್ನ ಕಿವಿಗೇ ಹೊಲಸಾಗಿ ಕೇಳಿಸಿತು. ಕೃತಿ ಏನೋ ವ್ಯಾಯಾಮ ಹೇಳಿಕೊಟ್ಟಳು. ಮನೆಗೆ ಬರುವವರೆಗೂ ಅವನು ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಲಿಲ್ಲ.

ನಾಚಿಕೆಯಾದ ಮನುಷ್ಯ ಸುಮ್ಮನಿರಬೇಕಷ್ಟೇ. ಯುಗಾದಿಯ ಸಮಾರಂಭದಲ್ಲಿ ಸಂಘದವರು ಜಪಾನ್ ಪ್ರವಾಸದ ಸ್ಲೈಡ್ ಶೋ ಮಾಡಿ ಎಂದರೆ ಇವನು ಒಪ್ಪಿಕೊಂಡ! ಹುಲ್ಲುಗಾವಲು, ಕಾಡು, ಮತಾಎ, ಎಲ್ಲ ತೋರಿಸಿದ. ಪಶ್ಚಿಮದ ಶಿಖರದ ಸರಪಳಿಯ ಚಿತ್ರ ಬಂದಾಗ ಸಭೆ "ಅಬ್ಬಾ" ಎಂದಿತು. "ಇಲ್ಲಿವರೆಗೆ ಬಂದಿದ್ವಿ. ಆಮೇಲೆ ಗೊತ್ತಲ್ಲ," ಎಂದು ಸುಭದ್ರಾ ಕೂತ ಕಡೆ ಕೈ ತೋರಿಸಿ ನಿಟ್ಟುಸಿರಿಟ್ಟ. ಎಲ್ಲರೂ ತಿರುಗಿ ಮರುಕದಿಂದ ಅವಳನ್ನು ನೋಡಿದರು. ಅವಳು ತಟ್ಟೆಯಲ್ಲಿದ್ದ ಬೇವು-ಬೆಲ್ಲವನ್ನು ಚಮಚದಲ್ಲಿ ಕದಡುತ್ತಿದ್ದಳು. ಅವತ್ತು ಬಿದ್ದ ಚಪ್ಪಾಳೆಯ ಸದ್ದು ವಾರವಿಡೀ ಅವನ ಕಿವಿಯಲ್ಲಿ ಕುಟುಕುತ್ತಿತ್ತು.

ಆ ಚಿತ್ರಗಳನ್ನು ನೋಡಿ ಸಂಘದ ಹೆಂಗಸರಿಗೆ ಹುಮ್ಮಸ್ಸು ಬಂತು. ಅವರ ಮುಂದಾಳು ಪದ್ಮಾ, ಆಸ್ಪತ್ರೆಯಲ್ಲಿ ನರ್ಸ್, ಹಿಡಿದ ಕೆಲಸ ಬಿಡದವಳು. ಬರುವ ಅಕ್ಟೋಬರಿಗೆ ಹೆಂಗಸರೇ ಸೇರಿ ಯುಫುದಾಕೆಗೆ ಹೋಗುವುದು, ಗಂಡಂದಿರು ಮನೆಯಲ್ಲಿ ಅನ್ನ ಸಾರು ಮಾಡಿಕೊಂಡಿರುವುದು ಎಂದು ತೀರ್ಮಾನವಾಯಿತು. ಸುಭದ್ರಾಳಿಗೂ ಫೋನ್ ಬಂತು. ಅವಳು ಅಡುಗೆಮನೆಯಲ್ಲಿ ಸ್ಪೀಕರ್ ಹಾಕಿ ಮಾತಾಡುತ್ತಿದ್ದರಿಂದ ಅನಂತಪದ್ಮನಾಭನಿಗೂ ಎಲ್ಲ ಕೇಳಿಸಿತು.

"ಆಂಟಿ, ನೀವು ಬಂದ್ರೆ ನಮಗೆಲ್ಲ ಖುಷಿ. ಆದ್ರೆ ನಿಮ್ ಮಂಡಿ ನೋಡ್ಕೊಂಡು ಬೆಟ್ಟಕ್ಕೆ ಕರ್ಕೊಂಡ್ ಹೋಗೋಕೆ ನಂಗೆ ಧೈರ್ಯ ಇಲ್ಲ. ನಾನು ನರ್ಸ್, ನಾಳೆ ಏನಾದ್ರೂ ಆದ್ರೆ ನನ್ನೇ ಕೇಳ್ತಾರೆ. ನೀವು ಊರಲ್ಲಿ ಬಿಸಿನೀರಲ್ಲಿ ಕೂತ್ಕೊಳ್ಳಿ, ಅಥವಾ ಈ ಸಲ ಬಿಟ್ಬಿಡಿ. ಬೇಜಾರ್ ಮಾಡ್ಕೋಬೇಡಿ."

"ಇಲ್ಲಮ್ಮ," ಎಂದು ಸುಭದ್ರಾ ಫೋನಿಟ್ಟಳು. ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆಗಳನ್ನು ತಂತಿಯಿಂದ ತೆಗೆಯತೊಡಗಿದಳು. ಅವನು ಬುಟ್ಟಿ ಹಿಡಿದುಕೊಂಡು ಪಕ್ಕದಲ್ಲಿ ನಿಂತ. ಅವಳು ಅವನ ಅಂಗಿ ಮಡಿಸುತ್ತ ಹೇಳಿದಳು, "ಅವತ್ತು ಆ ಕಂಬ ಎಷ್ಟು ಹತ್ರ ಇತ್ತು ಗೊತ್ತಾ? ಈಗ್ಲೂ ಕೆಲಸಕ್ಕೆ ನಡ್ಕೊಂಡ್ ಹೋಗೋವಾಗ ಅದೇ ನೆನಪಾಗತ್ತೆ. ನಂಗೆ ಅಲ್ಲಿಗೆ ಹೋಗ್ಬೇಕು ರೀ."

ನಂಗೆ ಇದು ಬೇಕು ಎಂದು ಅವಳು ಹೇಳಿದ್ದನ್ನು ಅವನು ಎಂದಾದರೂ ಕೇಳಿದ್ದನೇ? ಮನೆ ಯಾವ ಬೀದಿಯಲ್ಲಿ, ಮಗಳಿಗೆ ಯಾವ ಸ್ಕೂಲು, ರಜೆ ಎಲ್ಲಿಗೆ, ಎಲ್ಲ ಅವನೇ ಹೇಳಿದ್ದು. ಅವಳ ಮೈಯನ್ನು ಮೂವತ್ತು ವರ್ಷ ನೆಪಕ್ಕೆ ಬಳಸಿ ಬಳಸಿ, ಆ ಮೈಗೂ ಒಂದು ಆಸೆ ಇದ್ದೀತು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ನಾನು ಹೇಳ್ತೀನಿ," ಎಂದ. "ಎಲ್ಲರ ಮುಂದೆ ಹೇಳ್ತೀನಿ."

"ಹೇಳ್ತೀರಾ?" ಎಂದಳು ಅವಳು. ನಂಬಿದಳೋ ಇಲ್ಲವೋ ಮುಖದಿಂದ ಗೊತ್ತಾಗಲಿಲ್ಲ.

ಹೇಳಲು ಅವನಿಗೆ ಸಮಯ ಕೂಡಿಬರಲಿಲ್ಲ. ಕೂಡಿಬರಲು ಅವನು ಬಿಡಲಿಲ್ಲ ಎನ್ನುವುದೇ ಸರಿ. ಒಂದು ಶನಿವಾರ ಗಾಳಿ ಜಾಸ್ತಿ, ಇನ್ನೊಂದು ಶನಿವಾರ ಜನ ಕಡಿಮೆ. ಕೊನೆಗೆ ಪದ್ಮಾ, ಟಿಕೆಟ್ ಮಾಡಿಸುವ ಮುಂಚೆ ಎಲ್ಲರೂ ಒಮ್ಮೆ ಸೇರೋಣ ಎಂದು ಭಾನುವಾರದ ಆರ್ವೋಗೆ, ಅಂದರೆ ಮಧ್ಯಾಹ್ನಕ್ಕೆ, ನದಿಯ ದಂಡೆಯ ಪಾರ್ಕಿನಲ್ಲಿ ಬಾರ್ಬಿ, ಎಂದರೆ ಬಾರ್ಬೆಕ್ಯೂ, ಇಟ್ಟಳು. ಆಸ್ಟ್ರೇಲಿಯದವರ ಬಾರ್ಬಿಯಲ್ಲಿ ಮಾಂಸ ಸುಡುತ್ತಾರೆ. ನಮ್ಮವರ ಬಾರ್ಬಿಯಲ್ಲಿ ಜೋಳದ ತೆನೆ, ಪನೀರು, ಜೊತೆಗೆ ಒಬ್ಬರು ತಂದೇ ತರುವ ಚಿತ್ರಾನ್ನ. ಇನ್ನು ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಪದ್ಮಾ ಫೋನ್ ಹಿಡಿದು ಬರುವವರ ಹೆಸರು ಕೂಗುತ್ತಿದ್ದಾಗ ಅನಂತಪದ್ಮನಾಭ ಬೆಂಚಿನಿಂದ ಎದ್ದು ನಿಂತ.

"ಒಂದು ನಿಮಿಷ. ನಾನೊಂದು ಮಾತು ಹೇಳ್ಬೇಕು." ಎಲ್ಲರೂ ತಿರುಗಿದರು. "ಯುಫುದಾಕೆಯಲ್ಲಿ ಸುಭದ್ರಾಗೆ ಮಂಡಿನೋವು ಬರ್ಲೇ ಇಲ್ಲ. ಹೆದರ್ಕೊಂಡಿದ್ದು ನಾನು. ಸರಪಳಿ ಹಿಡ್ಕೊಂಡು ಅಲ್ಲಾಡದೆ ನಿಂತ್ಬಿಟ್ಟಿದ್ದೆ. ಅವಳು ಆಗ್ಲೇ ದಾಟಿಬಿಟ್ಟಿದ್ಳು. ನನಗೋಸ್ಕರ ವಾಪಸ್ ಬಂದ್ಳು. ಆಮೇಲೆ ನಾನು ಸುಳ್ಳು ಹೇಳ್ದೆ. ಅವಳನ್ನ ಕರ್ಕೊಂಡ್ ಹೋಗಿ."

ತೆನೆ ಸುಡುತ್ತಿದ್ದ ಗೋಪಾಲಕೃಷ್ಣ ಇಕ್ಕಳ ಮೇಲೆತ್ತಿ ಗಹಗಹಿಸಿ ನಕ್ಕ. "ಅಂಕಲ್! ಆಂಟಿನ ಕಳಿಸ್ಬೇಕು ಅಂತ ಎಷ್ಟು ದೊಡ್ಡ ಕಥೆ ಕಟ್ಟಿದ್ರಿ!"

ನಗು ಎಲ್ಲರಿಗೂ ಹಬ್ಬಿತು. "ಹೆಂಡತಿ ಆಸೆಗೋಸ್ಕರ ತನ್ ಮಾನಾನೇ ಬಿಡ್ತಾರಲ್ರೀ, ನೋಡಿ ಕಲ್ಕೊಳ್ಳಿ," ಎಂದು ಒಬ್ಬಾಕೆ ತನ್ನ ಗಂಡನಿಗೆ ಮೊಣಕೈಯಿಂದ ತಿವಿದಳು. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ಸೇರಿಕೊಂಡರು. ಹೌದಲ್ಲ, ಚಾಮುಂಡಿ ಬೆಟ್ಟವನ್ನು ನಿಲ್ಲದೆ ಹತ್ತಿದ ಲೀಡರ್ ಅಂಕಲ್ ಹೆದರುವುದುಂಟೇ?

"ಇಲ್ಲ, ನಿಜವಾಗ್ಲೂ..." ಎಂದ ಅವನು. ಅದಕ್ಕೆ ಇನ್ನಷ್ಟು ನಗು. ಗೋಪಾಲಕೃಷ್ಣ ಬಂದು ಬೆನ್ನು ತಟ್ಟಿದ. ಎಷ್ಟೋ ತಿಂಗಳಿಂದ ಕಲ್ಲು ಕೂತಿದ್ದ ಎದೆ ಒಮ್ಮೆಲೇ ಹಗುರಾಯಿತು. ಹೇಳಿದ್ದೂ ಆಯಿತು, ಏನೂ ಕಳೆದುಕೊಂಡದ್ದೂ ಇಲ್ಲ. ತನ್ನ ಮುಖದ ಮೇಲೆ ನಗು ಮೂಡುತ್ತಿರುವುದು ಅವನಿಗೆ ಗೊತ್ತಾಯಿತು. ಅದನ್ನು ತಡೆಯಲು ಅವನು ಪ್ರಯತ್ನಪಡಲಿಲ್ಲ.

ಪದ್ಮಾ ಮಾತ್ರ ನಗುತ್ತಲೇ ಸುಭದ್ರಾಳ ಹತ್ತಿರ ಹೋದಳು. ಅವಳು ಮರದ ಕೆಳಗೆ, ಯಾರೋ ಅವಳಿಗೆಂದೇ ತಂದಿಟ್ಟ ಮಡಿಸುವ ಕುರ್ಚಿಯಲ್ಲಿ ಕೂತಿದ್ದಳು.

"ಆಂಟಿ, ನೀವೇ ಹೇಳಿ. ಅಂಕಲ್ ಹೇಳಿದ್ದು ನಿಜಾನಾ?"

ಸದ್ದು ತಗ್ಗಿತು. ಸುಭದ್ರಾ ಗಂಡನ ಕಡೆ ನೋಡಿದಳು. ಅನಂತಪದ್ಮನಾಭನಿಗೆ ಆಗ ತನ್ನೊಳಗೆ ನಡೆದದ್ದು ಸ್ಪಷ್ಟವಾಗಿ ಕಾಣಿಸಿತು, ಅದನ್ನು ಅವನು ಸಾಯುವವರೆಗೆ ಮರೆಯಲಾರ. ಅವಳು ಇಲ್ಲ ಎನ್ನಲಿ ಎಂದು ಅವನು ಬೇಡಿಕೊಳ್ಳುತ್ತಿದ್ದ. ಎಲ್ಲರೆದುರು ಸತ್ಯ ಹೇಳಿದವನು, ಆ ಸತ್ಯವನ್ನು ಹೆಂಡತಿ ಮುಚ್ಚಿಹಾಕಲಿ ಎಂದು ಕಣ್ಣಿನಲ್ಲೇ ಕೇಳುತ್ತಿದ್ದ. ಸುಮ್ಮನೆ ಒಂದು ನಗು ನಕ್ಕುಬಿಡು ಸುಭದ್ರಾ, ಇದೊಂದು ಸಲ. ಅವನ ಮುಖದ ಮೇಲಿದ್ದ ಆ ಕೋರಿಕೆಯನ್ನು ಅವಳು ಓದಿದಳು. ಮೂವತ್ತು ವರ್ಷದಿಂದ ಓದುತ್ತ ಬಂದವಳಿಗೆ ಅದು ಕಷ್ಟವೇ?

ಸುಭದ್ರಾ ಕುರ್ಚಿಯಿಂದ ಎದ್ದಳು. ಅದನ್ನು ಮಡಿಸಿ ಮರಕ್ಕೆ ಒರಗಿಸಿದಳು.

"ನಿಜ," ಎಂದಳು. "ನನ್ ಮಂಡಿಗೆ ಏನೂ ಆಗಿಲ್ಲ ಪದ್ಮಾ, ಯಾವತ್ತೂ ಆಗಿರ್ಲಿಲ್ಲ. ನನ್ ಹೆಸರು ಸೇರಿಸ್ಕೋ. ಇವರು ಅವತ್ತು ಹೆದರಿದ್ದಕ್ಕೆ ನಂಗೆ ಬೇಜಾರಿಲ್ಲ. ಅಂಥ ಜಾಗ ಅದು." ಅವಳು ಮತ್ತೊಮ್ಮೆ ಅವನ ಕಡೆ ನೋಡಿದಳು, ದನಿ ಏರಲಿಲ್ಲ. "ಈಗ್ಲೂ ಹೆದರ್ಕೊಂಡೇ ನಿಂತಿದಾರೆ, ನೋಡಿ. ಇಲ್ಲಿ ಯಾವ ಬೆಟ್ಟ ಇದೆ?"

ಯಾರೂ ನಗಲಿಲ್ಲ. ಗೋಪಾಲಕೃಷ್ಣನ ಕೈ ಅನಂತಪದ್ಮನಾಭನ ಬೆನ್ನಿನಿಂದ ಮೆಲ್ಲಗೆ ಇಳಿಯಿತು. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿ ಅವನನ್ನು ನೋಡಿದರು, ಮತ್ತು ಅವನ ತುಟಿಯ ಮೇಲೆ ಆ ನಗು ಇನ್ನೂ ಹಾಗೇ ಇತ್ತು.